ದಾನವ್ವನನ್ನು ಕೇಳಿದ ಮಿಸ್ತ್ರಿ

ದುಂಡಸಿಯ ಪರಮೇಶಪ್ಪನ ಎಡಗಾಲು ಅರಳೆ ಬಿಡಿಸುವ ಜಿನ್ ಯಂತ್ರದ ಬೆಲ್ಟಿಗೆ ಸಿಕ್ಕು ಮೊಣಕಾಲಿನ ಮೇಲಿನವರೆಗೂ ಹೋದದ್ದು ೧೯೫೯ರಲ್ಲಿ. ಆಗ ಅವನಿಗೆ ನಲವತ್ತಾರು ವರ್ಷ. ಅಲ್ಲಿಯವರೆಗೆ ತನ್ನ ಜೀಪನ್ನು ತಾನೇ ಹೊಡೆದುಕೊಂಡು ಹೊಲ, ಸಂತೆ, ಕಚೇರಿ ಅಂತ ತಿರುಗುತ್ತಿದ್ದವನು, ಆಮೇಲೆ ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಬಿಡುವು ಕಾಯಬೇಕಾಯಿತು. ಕ್ಲಚ್ ತುಳಿಯುವ ಕಾಲೇ ಇಲ್ಲವೆಂದ ಮೇಲೆ ಜೀಪನ್ನು ಇಟ್ಟುಕೊಂಡು ಏನು ಮಾಡುವುದೆಂದು ಅದನ್ನೂ ಮಾರಿದ.

ಅವನ ಹೆಂಡತಿ ದಾನವ್ವನ ತಮ್ಮ ಶಂಕ್ರಪ್ಪ ಮುಂಬೈಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ. ೧೯೬೩ರ ಬೇಸಿಗೆಯಲ್ಲಿ ಅವನು ಒಂದು ದೊಡ್ಡ ಅಮೆರಿಕನ್ ಕಾರನ್ನು ತಂದು ಅಕ್ಕನ ಮನೆಯ ಮುಂದೆ ನಿಲ್ಲಿಸಿದ. ಸ್ವದೇಶಕ್ಕೆ ಮರಳಿದ ಯಾರೋ ಸಾಹೇಬ ಬಿಟ್ಟುಹೋದ ಹನ್ನೆರಡು ವರ್ಷದ ಹಳೆಯ ಗಾಡಿ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ವೇಗ ಏರಿದಂತೆ ಗೇರು ತಾನಾಗಿಯೇ ಬೀಳುತ್ತಿತ್ತು. ಒಂದು ಬಲಗಾಲು ಇದ್ದರೆ ಸಾಕು.

ಮೊದಲ ದಿನ ಪರಮೇಶಪ್ಪ ಒಬ್ಬನೇ ಶಿಗ್ಗಾಂವದವರೆಗೆ ಹೋಗಿ ಬಂದ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. ಕಾಳಿನ ಪೇಟೆಯ ಮುಂದೆ ಗಾಡಿ ನಿಲ್ಲಿಸಿಕೊಂಡು, ಪರಿಚಯದವರನ್ನು ಕಿಟಕಿಯ ಹತ್ತಿರ ಕರೆದು ಮಾತಾಡಿಸಿ, ಮತ್ತೆ ಒಬ್ಬನೇ ಮನೆಗೆ ಬಂದ. ಆ ದಿನ ಗಂಡ ಎರಡು ರೊಟ್ಟಿ ಹೆಚ್ಚಿಗೆ ಉಂಡದ್ದನ್ನು ದಾನವ್ವ ಬಹಳ ಜನರಿಗೆ ಹೇಳಿದಳು.

ಗೇರು ಕಾಡತೊಡಗಿದ್ದು ೧೯೬೫ರ ಜನವರಿಯಲ್ಲಿ. ಅದುವರೆಗೆ ಒಂದು ಗೇರು ಹೋಗಿ ಇನ್ನೊಂದು ಬಂದದ್ದು ಒಳಗೆ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಈಗ ಎಂಜಿನ್ ಸುಮ್ಮನೆ ಕೂಗಿಕೊಳ್ಳುತ್ತಿತ್ತು, ಗೇರು ಬೀಳಲು ತಡವಾಗುತ್ತಿತ್ತು, ಬಿದ್ದಾಗ ಹಿಂದಿನಿಂದ ಯಾರೋ ಗುದ್ದಿದಂತೆ ಗಾಡಿ ಜಗ್ಗುತ್ತಿತ್ತು. ಪ್ರತಿ ಗುದ್ದಿಗೂ ಪರಮೇಶಪ್ಪನ ಮೋಟುಗಾಲು ಸೀಟಿಗೆ ತಾಗಿ ನೋಯುತ್ತಿತ್ತು. ಹುಬ್ಬಳ್ಳಿಯ ಒಂದು ದೊಡ್ಡ ಗ್ಯಾರೇಜಿನವರು ಮೂರು ದಿನ ಇಟ್ಟುಕೊಂಡು ನೋಡಿ, ಗೇರುಪೆಟ್ಟಿಗೆಯನ್ನೇ ಇಳಿಸಿ ಮುಂಬೈಗೆ ಕಳಿಸಬೇಕು, ಸಾಮಾನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂದರು. ಪರಮೇಶಪ್ಪ ಕಾರನ್ನು ಮನೆಗೆ ತಂದು ಮೇಲೆ ತಾಡಪತ್ರಿ ಹೊದಿಸಿದ. ಕಟ್ಟೆಯ ಮೇಲೆ ಕೂತರೂ ಅದಕ್ಕೆ ಬೆನ್ನು ಹಾಕಿ ಕೂಡುತ್ತಿದ್ದ.

ಹದಿನೈದು ದಿನ ಅದನ್ನು ನೋಡಿದ ದಾನವ್ವ, ಕಾಳು ಒಯ್ಯಲು ಬಂದ ಲಾರಿ ಡ್ರೈವರ್ ಗೋಣೆಪ್ಪನನ್ನು ಕೇಳಿದಳು. ಅವನು ತಡಸದ ಮಜೀದ ಮಿಸ್ತ್ರಿಯ ಹೆಸರು ಹೇಳಿದ. ಹೆದ್ದಾರಿಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಲಾರಿ ರಿಪೇರಿ ಮಾಡುವವನು.

"ಖಾತ್ರಿ ಆಗೂಮಟ ನಟ್ ಬಿಚ್ಚೂ ಪಾನಾ ಕೈಗೆ ತಗೊಳೂದಿಲ್ರೀ ಅಂವಾ" ಎಂದ ಗೋಣೆಪ್ಪ.

ಮರುದಿನ ಗಂಡ ಹೆಂಡತಿ ಅದೇ ಕಾರಿನಲ್ಲಿ ತಡಸಕ್ಕೆ ಹೋದರು. ಮಜೀದ ನಲವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಒಳಗೆ ಬಗ್ಗಿ ಎರಡೇ ಪೆಡಲ್ ಇರುವುದನ್ನು ಕಂಡ.

"ಇಂಥಾ ಗಾಡಿ ನಾ ನೋಡಿಲ್ರಿ, ಸಾವ್ಕಾರ್ರ. ಮೊದಲ ಹೇಳತೇನಿ. ಪೆಟ್ಟಿಗಿ ಬಿಚ್ಚೂದಿಲ್ಲ. ಬಿಚ್ಚಿದ್ರ ಕೂಡ್ಸಾಕ ನನಗ ಬರೂದಿಲ್ಲ. ಹೊರಗಿಂದ ಏನ ತಿಳೀತೈತಿ ಅಷ್ಟ ನೋಡತೇನಿ. ಆದೀತೇನ್ರಿ?"

"ಆದೀತಪಾ. ಬರೂದಿಲ್ಲ ಅಂತ ಹೇಳಿದಾಂವ ನೀ ಒಬ್ಬನ ನೋಡು" ಎಂದ ಪರಮೇಶಪ್ಪ.

ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಅದು ನಡೆಯುತ್ತಿರುವಾಗಲೇ ಮಜೀದ ಗೇರುಪೆಟ್ಟಿಗೆಯ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದ. ಎಣ್ಣೆ ಗುರುತಿಗೆ ಸರಿಯಾಗಿತ್ತು. ಅದನ್ನು ಬಿಳಿ ಅರಿವೆಗೆ ಒರೆಸಿ ಬಿಸಿಲಿಗೆ ಹಿಡಿದ. ಎಣ್ಣೆಯ ಕೆಂಪು ಬಣ್ಣ ಹಾಗೆಯೇ ಇತ್ತು, ಕರಿ ಪುಡಿ ಇರಲಿಲ್ಲ. ಮೂಗಿಗೆ ಹಿಡಿದು ಮೂಸಿದ.

"ಕಮಟು ವಾಸನಿ ಇಲ್ರಿ. ಒಳಗ ಸುಟ್ಟಿದ್ರ ಎಣ್ಣಿ ನಾರತಿತ್ತು. ಪೆಟ್ಟಿಗಿ ಜೀವಂತ ಐತಿ ಅಂತ ನನಗ ಅನಸ್ತೈತಿ."

ಪರಮೇಶಪ್ಪನಿಗೆ ಅಷ್ಟು ಕೇಳಿಯೇ ಅರ್ಧ ಭಾರ ಇಳಿಯಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪೆಟ್ಟಿಗೆಯ ಕೆಳಗಿನ ರಬ್ಬರು ಒಡೆದು ಗುದ್ದು ಬರುತ್ತಿರಬಹುದೆಂದು ಮಜೀದ ಜ್ಯಾಕ್ ಹಚ್ಚಿ, ಹಳೆಯದನ್ನು ತೆಗೆದು, ಲಾರಿಯ ರಬ್ಬರೊಂದನ್ನು ಕೊರೆದು ಕೂರಿಸಿದ. ಮಧ್ಯಾಹ್ನ ದಾಟಿತು. ಮೂವರೂ ಕೂತು ಶಿಗ್ಗಾಂವದ ದಾರಿಯಲ್ಲಿ ಎರಡು ಮೈಲಿ ಹೋದರು. ಗುದ್ದು ಮೊದಲಿನಂತೆಯೇ ಬಂತು.

"ನನ್ನ ಅಂದಾಜು ತಪ್ಪಿತ್ರಿ" ಎಂದ ಮಜೀದ.

ಶೆಡ್ಡಿಗೆ ಮರಳಿದ ಮೇಲೆ ಅವನು ಜ್ಯಾಕನ್ನು ಬದಿಗಿಟ್ಟ. ಆಮೇಲೆ ಹಿಂದಿನ ಬಾಗಿಲು ತೆಗೆದು, ದಾನವ್ವ ಕೂತಿದ್ದ ಕಡೆ ಕುಕ್ಕುರುಗಾಲಿನಲ್ಲಿ ಕೂತ.

"ಅಕ್ಕಾರ, ನೀವು ದಿನಾ ಇಲ್ಲೇ ಕೂಡತೀರಿ. ನಿಮಗ ಹೆಂಗ ಅನಸ್ತೈತಿ, ಹೇಳ್ರಿ."

ದಾನವ್ವ ಗಂಡನ ಮುಖ ನೋಡಿದಳು. ಹುಬ್ಬಳ್ಳಿಯಲ್ಲಿ ಮೂರು ದಿನ ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ಅವಳನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ನನಗ ಮಷಿನ್ ತಿಳಿಯೂದಿಲ್ಲಪಾ. ಆದ್ರ ಒಂದು ಮಾತು. ಏರಿನ್ಯಾಗ ಇವರು ಜೋರ್ ತುಳದ್ರ ಇಷ್ಟು ಜಗ್ಗೂದಿಲ್ಲ. ಬಯಲಾಗ ಹಗೂರ ಹೊಂಟಾಗನ ಜಾಸ್ತಿ ಬಡೀತೈತಿ. ಉಲ್ಟಾ ಆಗಬೇಕಿತ್ತಲ್ಲ ಅಂತ ನನಗ ಅನಸ್ತಿತ್ತು."

ಮಜೀದ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ. "ಯಾವಾಗಿಂದ್ರಿ ಇದು?"

"ಹಿರೇಕೆರೂರಿಗೆ ನಮ್ಮ ತಂಗಿ ಹೊನ್ನವ್ವನ ಮನಿಗೆ ಹೋಗಿ ಬಂದಾಗಿಂದ. ಹೋಗೂಮುಂದ ಬೆಣ್ಣಿಯಂಗ ಹೋತು. ಬರೂಮುಂದ, ಹಾನಗಲ್ಲ ಇನ್ನೂ ಬಂದಿರಲಿಲ್ಲ, ಆಗ ಶುರುವಾತು."

"ನಡುವ ಏನಾರ ಆತೇನ್ರಿ?"

"ಹಿರೇಕೆರೂರ ಬಿಟ್ಟು ಒಂದು ಕೆರಿ ದಂಡಿ ಮ್ಯಾಲ ಗಾಡಿ ನಿಂತಿತ್ತು. ಪೆಟ್ರೋಲಿನ್ಯಾಗ ಕಸ ಬಂದಿತ್ತಂತ. ಇವರು ನನ್ನ ಹೊಸಾ ಶಾಲು ಹಾಸಿ, ಅದರ ಮ್ಯಾಲ ಕಾರ್ಬುರೇಟರ್ ಬಿಚ್ಚಿ ಹರವಿ, ಊದಿ ತೊಳದು ಮತ್ತ ಹಾಕಿದ್ರು. ಶಾಲಿನ ಮ್ಯಾಲಿನ ಎಣ್ಣಿ ಕಲಿ ಇನ್ನೂ ಹೋಗಿಲ್ಲ."

"ಅದು ಎಂಜಿನ್ನಿಂದು" ಎಂದ ಪರಮೇಶಪ್ಪ, ಸ್ವಲ್ಪ ಬಿರುಸಾಗಿ. "ಗೇರಿಗೆ ಅದಕ್ಕ ಏನ ಸಂಬಂಧ?"

ಮಜೀದ ಎದ್ದು ಬಾನೆಟ್ ಎತ್ತಿದ. ಕಾರ್ಬುರೇಟರಿನ ಪಕ್ಕದಿಂದ ಬೆರಳಿನಷ್ಟು ದಪ್ಪದ ಒಂದು ಕಬ್ಬಿಣದ ಸರಳು ಕೆಳಗೆ ಇಳಿದಿತ್ತು. ಅದರ ಜಾಡು ಹಿಡಿದು ಗಾಡಿಯ ಅಡಿಗೆ ನುಸುಳಿದ.

"ಸಾವ್ಕಾರ್ರ, ಎಕ್ಸಿಲೇಟರ್ ತುಳೀರಿ. ಹಾಂ, ಬಿಡ್ರಿ. ಮತ್ತೊಮ್ಮೆ."

ಐದಾರು ಸಲ ತುಳಿಸಿ ಬಿಡಿಸಿದ ಮೇಲೆ ಮಜೀದ ಹೊರಗೆ ಬಂದ. ಬೆನ್ನಿನ ಮಣ್ಣನ್ನೂ ಕೊಡವಲಿಲ್ಲ.

"ಪೆಟ್ಟಿಗಿಗೆ ಕಣ್ಣಿಲ್ರಿ. ನೀವು ಎಷ್ಟು ತುಳದೀರಿ ಅಂತ ಈ ಸರಳ ಹೋಗಿ ಅದಕ್ಕ ಹೇಳಬೇಕು. ನೀವು ಕಾಲು ಪೂರಾ ಬಿಟ್ರೂ ಕೆಳಗಿನ ತುದಿ ಹಿಂದ ಬರವಲ್ತು, ಒಂದು ಬೆರಳು ಮುಂದನ ನಿಂತೈತಿ. ನೀವು ಹಗೂರ ಹೊಂಟಿರತೀರಿ, ಅದು ಸಾವ್ಕಾರ್ರು ಜೋರ್ ತುಳದಾರ ಅಂತ ತಿಳಕೊಂಡು, ತಡಾ ಮಾಡಿ, ಗಟ್ಟಿಯಾಗಿ ಗೇರ್ ಹಾಕತೈತಿ. ನೀವು ಖರೇನ ಜೋರ್ ತುಳದಾಗ ಎರಡೂ ಲೆಕ್ಕ ಕೂಡತೈತಿ. ಅಕ್ಕಾರು ಹೇಳಿದ್ದು ಇದನ್ನ."

ಪರಮೇಶಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಕೆರೆಯ ದಂಡೆಯ ಮೇಲೆ ಆ ಸರಳನ್ನು ಬಿಚ್ಚಿದವನೂ ಅವನೇ, ಅದರ ನಟ್ಟು ಎಷ್ಟು ಸುತ್ತು ಒಳಗಿತ್ತೆಂದು ಗುರುತು ಮಾಡಿಕೊಳ್ಳದೆ ಅಂದಾಜಿನ ಮೇಲೆ ಕೂರಿಸಿದವನೂ ಅವನೇ.

"ನಾನ ಮಾಡಿಕೊಂಡೆ, ದಾನವ್ವ" ಎಂದ.

"ಇರ್ಲಿ ಬಿಡ್ರಿ. ಮಾಡಿದ್ದು ಸಿಕ್ತಲ್ಲ" ಎಂದಳು ಅವಳು.

ನಟ್ಟನ್ನು ಒಮ್ಮೆಲೇ ಪೂರಾ ತಿರುಗಿಸಲು ಮಜೀದ ಒಪ್ಪಲಿಲ್ಲ. ಸಡಿಲು ಹೆಚ್ಚಾದರೆ ಗೇರು ಜಾರಿ ಒಳಗೆ ಸುಟ್ಟುಹೋಗಬಹುದೆಂದು ಅವನ ಅಳುಕು. ಎರಡು ಸುತ್ತು ತಿರುಗಿಸಿ ದಾರಿಗೆ ಬಿಟ್ಟರು. ಗಾಡಿ ಓಡುತ್ತಿರುವಾಗ ಮಜೀದ ಹಿಂದಕ್ಕೆ ಹೊರಳಿ ದಾನವ್ವನನ್ನೇ ನೋಡುತ್ತಿದ್ದ.

"ಇನ್ನ ಐತಿ" ಎಂದಳು.

ಮತ್ತೆ ಎರಡು ಸುತ್ತು. "ಕಮ್ಮಿ ಆತು. ಆದ್ರ ಐತಿ."

ಮೂರನೆಯ ಸಲ ಒಂದೇ ಸುತ್ತು. ಗಾಡಿ ಹೆದ್ದಾರಿಗೆ ಏರಿತು, ವೇಗ ಹಿಡಿಯಿತು, ಎದುರಿನಿಂದ ಬಂದ ಬಸ್ಸೊಂದು ದಾಟಿಹೋಯಿತು. ದಾನವ್ವ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು.

"ಗೇರ್ ಬಿದ್ದಾಗ ಹೆಂಗಾತ್ರಿ, ಅಕ್ಕಾರ?"

"ಬಿತ್ತೇನು? ಇನ್ನೂ ಬೀಳಬೇಕು ಅಂತ ನಾ ಕಾಯಾಕತ್ತೇನಿ."

ಪರಮೇಶಪ್ಪ ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ. ಕೈ ಚಾಚಿ ಮಜೀದನ ಮಸಿಗೈಯನ್ನು ಹಿಡಿದುಕೊಂಡ.

"ಮಿಸ್ತ್ರಿ, ನನ್ನ ಕಾಲು ನನಗ ತಿರುಗಿ ಕೊಟ್ಟಿ. ನಿನಗ ನಾ ಏನ ಮಾಡ್ಲಿ, ಹೇಳು."

ಮಜೀದ ಇನ್ನೊಂದು ಕೈಯ ಮಸಿಯನ್ನು ಅರಿವೆಗೆ ಒರೆಸಿಕೊಂಡ. "ಕೂಲಿ ಎಷ್ಟಾಗತೈತಿ ಅಷ್ಟ ತಗೋತೇನ್ರಿ. ಅದರ ಹೊರತು ಒಂದು ಮಾತು ಕೇಳಬೇಕಂತೇನಿ. ನಮ್ಮವ್ವ ಹ್ವಾದ ವರ್ಷ ಮೆಟ್ಟಲ ಮ್ಯಾಲಿಂದ ಬಿದ್ದು ಟೊಂಕ ಮುರಕೊಂಡಾಳ. ಬಸ್ಸಿನ ಕುಲುಕು, ಚಕ್ಕಡಿ ಕುಲುಕು, ಯಾವುದೂ ತಡಿಯೂದಿಲ್ಲ. ಆಕಿ ತಂಗಿ ಸವಣೂರಾಗದಾಳ. ಆಕಿಗೂ ಇಷ್ಟು ದೂರ ಬರಾಕ ಆಗೂದಿಲ್ಲ. ವರ್ಷಾತು ಒಬ್ಬರನೊಬ್ಬರು ಕಂಡಿಲ್ಲ. ಈ ಗಾಡಿ ಈಗ ಹೊಂಟ ಹಂಗ ಹೊಂಟ್ರ..."

"ನಾಳೆ ಮುಂಜಾನೆ ತಯಾರ ಇರ್ರಿ" ಎಂದ ಪರಮೇಶಪ್ಪ, ಅವನ ಮಾತು ಮುಗಿಯುವ ಮೊದಲೇ.

ಮರುದಿನ ದಾನವ್ವ ಮನೆಯಿಂದ ಎರಡು ದಿಂಬು ತಂದಳು. ಮಜೀದನ ತಾಯಿ ಕುಲಸುಮಬಿಯನ್ನು ಅವುಗಳ ನಡುವೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಶಿಗ್ಗಾಂವದವರೆಗೂ ಮುದುಕಿ ನೋವು ಬರುತ್ತದೆಂದು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದಳು. ಶಿಗ್ಗಾಂವ ದಾಟಿದ ಮೇಲೆ ಕಣ್ಣು ಬಿಟ್ಟಳು. ಆಮೇಲೆ ಕಿಟಕಿಯಿಂದ ಹೊರಗೆ ನೋಡುತ್ತ, ಯಾವ ಹೊಲದಲ್ಲಿ ಜೋಳ, ಯಾವುದರಲ್ಲಿ ಕುಸುಬೆ ಎಂದು ದಾನವ್ವನಿಗೆ ಹೇಳತೊಡಗಿದಳು. ಮುಂದೆ ಕೂತಿದ್ದ ಮಜೀದ ಒಮ್ಮೆಯೂ ಹಿಂದಕ್ಕೆ ಹೊರಳಲಿಲ್ಲ. ತನ್ನ ಟವೆಲಿನಿಂದ ಎರಡು ಮೂರು ಸಲ ಮುಖ ಒರೆಸಿಕೊಂಡ.

ಸವಣೂರಿನ ಒಂದು ಓಣಿಯಲ್ಲಿ ತಂಗಿ ಶಾಕೀರಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಂಥವರು ಬರುತ್ತಾರೆಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ದೊಡ್ಡ ಗಾಡಿಯ ಸದ್ದಿಗೆ ಎದ್ದು ಬಂದಿದ್ದಳು, ಅಷ್ಟೆ. ಒಳಗಿದ್ದದ್ದು ಅಕ್ಕನೆಂದು ತಿಳಿದಾಗ ಚೌಕಟ್ಟು ಹಿಡಿದೇ ಒಂದು ಕೈ ಚಾಚಿದಳು. ಕುಲಸುಮಬಿ ದಾನವ್ವನ ಹೆಗಲು ಹಿಡಿದು ತಾನೇ ಇಳಿದಳು. ಅಕ್ಕತಂಗಿಯರಿಬ್ಬರೂ ಒಬ್ಬರ ಮುಖವನ್ನೊಬ್ಬರು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡುತ್ತ ಹೊಸ್ತಿಲಲ್ಲೇ ಬಹಳ ಹೊತ್ತು ನಿಂತರು.

ಚಹಾ ಕುಡಿದ ಮೇಲೆ ಕುಲಸುಮಬಿ ಪರಮೇಶಪ್ಪನನ್ನು ಹತ್ತಿರ ಕರೆದು ಅವನ ತಲೆಯ ಮೇಲೆ ಕೈಯಿಟ್ಟಳು.

"ನಿನ್ನ ಉಪಕಾರ ಮರಿಯೂದಿಲ್ಲಪಾ."

"ನಂದಲ್ಲವ್ವಾ. ನಿನ್ನ ಮಗಂದು" ಎಂದ ಪರಮೇಶಪ್ಪ.

"ಅಕ್ಕಾರು ಹೇಳಿರದಿದ್ರ ನಾ ಇನ್ನೂ ರಬ್ಬರ್ ಕೊರಕೋತ ಕುಂತಿರತಿದ್ದೆ" ಎಂದ ಮಜೀದ.

ದಾನವ್ವ ಸೆರಗು ಸರಿಮಾಡಿಕೊಂಡಳು. "ಕೇಳಿದಿ, ಹೇಳಿದೆ. ಕೇಳಿದ್ದು ದೊಡ್ಡದು, ತಮ್ಮಾ" ಎಂದಳು.

ಕುಲಸುಮಬಿ ಎಂಟು ದಿನ ತಂಗಿಯ ಹತ್ತಿರವೇ ಉಳಿಯುವುದೆಂದು ಆಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಪರಮೇಶಪ್ಪ ಒಬ್ಬನೇ ಸವಣೂರಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದ. ಬರುವಾಗ ಶಾಕೀರಾ ದಾನವ್ವನಿಗೆಂದು ಒಂದು ಕಟ್ಟು ಎಳೆಯ ವೀಳ್ಯದೆಲೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಕೊಟ್ಟಿದ್ದಳು.