ಉಳಿದದ್ದರ ಉದ್ದ

ಡಾಕ್ಟರು ಹೇಳಿದ್ದು ಎರಡು ಮಾತು. "ಗಡ್ಡೆ ಅಂತ ಈಗ ಎಲ್ಲೂ ಇಲ್ಲ." ಆಮೇಲೆ, "ಆದರೆ ರೋಗ ಹೊಟ್ಟೆ ತುಂಬ ಹಿಟ್ಟು ಚೆಲ್ಲಿದ ಹಾಗೆ ಹರಡಿದೆ. ಮತ್ತೆ ಕೊಯ್ದು ತೆಗೆಯೋಕೆ ಬರಲ್ಲ."

ಹೊರಗೆ ಬೆಂಚಿನ ಮೇಲೆ ಅಮ್ಮ ಮಗಳ ಮೊಣಕೈ ಹಿಡಿದಳು. "ಮೊದಲನೇ ಮಾತು ಮಾತ್ರ ಹೇಳೋಣ ಕಣೇ. ಅದರಲ್ಲಿ ಸುಳ್ಳೇನಿದೆ?"

ಮಗಳು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಮಾತನ್ನು ತೂಗಿ ಆಡುವವಳು. ಎಷ್ಟು ತೂಗಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ಒಳಗೆ ಹೋಗಿ, "ಗಡ್ಡೆ ಎಲ್ಲೂ ಇಲ್ಲವಂತೆ ಅಪ್ಪ" ಅಂದಳು.

"ಹಾಗಾದ್ರೆ ಇನ್ನೂ ನನ್ನ ಕಾಟ ತಪ್ಪಿದ್ದಲ್ಲ ನಿಮಗೆ!" ಅಪ್ಪನ ಮುಖ ಅರಳಿತು. ದಿಂಬಿನಡಿಯಿಂದ ದಪ್ಪ ನೋಟ್‌ಬುಕ್ ಎಳೆದ. "ತಗೋ, ನೋಡಿಬಿಡು. ನಾಳೆ ಗಣಿತದ ಪತ್ರಿಕೆಗೆ ಪೋಸ್ಟ್ ಮಾಡಬೇಕು."

ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಹನ್ನೊಂದು ವರ್ಷ ಅಪ್ಪ ಬರೆದದ್ದು ಅದೊಂದನ್ನೇ. ಒಂದು ಗೆರೆ, ಅದರ ನಡುವಿನಿಂದ ಕಾಲು ಭಾಗದಷ್ಟು ತುಂಡು ತೆಗೆಯುವುದು. ಉಳಿದ ಎರಡರ ನಡುವಿನಿಂದ ಇನ್ನೂ ಚಿಕ್ಕ ತುಂಡು ಒಂದೊಂದು. ಆಮೇಲೆ ಉಳಿದ ನಾಲ್ಕರಿಂದ. ಹೀಗೆ ಕೊನೆಯೇ ಇಲ್ಲದೆ. ಕಡೆಗೆ ಧೂಳಿನಂತೆ ಉಳಿಯುವ ಬಿಂದುಗಳ ಒಟ್ಟು ಉದ್ದ ಸೊನ್ನೆ ಎಂದು ಅಪ್ಪ ಸಾಧಿಸಿದ್ದ. ಮುಂದಿನ ಅರವತ್ತು ಪುಟ ಆ ಸೊನ್ನೆಯ ಮೇಲೆಯೇ ನಿಂತಿತ್ತು.

ಅವಳು ಪೆನ್ಸಿಲು ಹಿಡಿದು ಕೂತಳು. ಒಪ್ಪಿದ ಸಾಲಿಗೊಂದು ಟಿಕ್. ಒಪ್ಪದಿದ್ದರೆ ಅಲ್ಲೇ ನಿಲ್ಲಬೇಕು, ಮುಂದೆ ಓದುವ ಹಾಗಿಲ್ಲ. ಚಿಕ್ಕಂದಿನಲ್ಲಿ ಅವಳ ಲೆಕ್ಕಗಳನ್ನು ಅಪ್ಪ ತಿದ್ದುತ್ತಿದ್ದದ್ದು ಹಾಗೆಯೇ. ನಲವತ್ತು ಪುಟ ಸರಾಗವಾಗಿ ಸಾಗಿತು. ನಲವತ್ತೊಂದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಎಲ್ಲಿ ಹುಡುಕಿದರೂ ಕೂದಲೆಳೆಯಷ್ಟು ಇಡಿಯಾದ ತುಂಡು ಸಿಗದು. ಆದ್ದರಿಂದ ಉದ್ದ ಸೊನ್ನೆ."

ಎಲ್ಲೆಲ್ಲಿಂದ ತೆಗೆಯಬೇಕು ಎಂಬುದರಲ್ಲೇ ಮುಳುಗಿದ್ದವನು, ಒಟ್ಟು ಎಷ್ಟು ತೆಗೆದೆ ಎಂದು ಒಮ್ಮೆಯೂ ಕೂಡಿಸಿರಲಿಲ್ಲ.

"ಯಾಕೆ ಮೇಡಂ, ಪೆನ್ಸಿಲು ಮುಷ್ಕರ ಹೂಡಿತಾ?"

"ಓದ್ತಿದೀನಿ ಅಪ್ಪ."

"ಅರ್ಧ ಗಂಟೆಯಿಂದ ಒಂದೇ ಪುಟ! ಬಾಯಿಪಾಠ ಮಾಡ್ತಿದೀಯಾ?"

ಮಂಚದ ಆಚೆಯಿಂದ ಅಮ್ಮ ಕಣ್ಣಲ್ಲೇ ಗದರಿದಳು: ಸರಿಯಾಗಿದೆ ಅಂದುಬಿಡು, ನಿನ್ನ ಗಂಟೇನು ಹೋಗುತ್ತೆ. ಟಿಕ್ ಹಾಕಲು ಮಗಳ ಕೈ ಏಳಲಿಲ್ಲ. ದಿನಕ್ಕೆ ಒಂದೇ ಸುಳ್ಳು ಅವಳ ಕೈಲಾಗುತ್ತಿತ್ತು. ಅದು ಆಗಲೇ ಮುಗಿದಿತ್ತು.

"ತೆಗೆದದ್ದನ್ನೆಲ್ಲ ಒಂದು ಸಲ ಕೂಡಿಸಿ ನೋಡು ಅಪ್ಪ."

ಅಪ್ಪ ಬೆರಳಿನ ಗೆಣ್ಣು ಎಣಿಸಿದ. "ಮೊದಲು ಕಾಲು. ಆಮೇಲೆ ಎರಡೂ ಸೇರಿ ಅರೆಕಾಲು. ನಾಲ್ಕೂ ಸೇರಿ ವೀಸ, ಹದಿನಾರರಲ್ಲಿ ಒಂದು. ಅರೆವೀಸ..." ಹೆಬ್ಬೆರಳು ನಿಂತಿತು. "ಇದು ಅರ್ಧ ದಾಟಲ್ಲ ಅಲ್ವಾ?"

"ದಾಟಲ್ಲ."

"ಅಂದರೆ ಎಲ್ಲೂ ಒಂದು ತುಂಡಿಲ್ಲ. ಆದರೂ ಅರ್ಧಕ್ಕರ್ಧ ಹಾಗೇ ಉಳಿದಿದೆ." ಅಪ್ಪ ನಕ್ಕ. "ಹನ್ನೊಂದು ವರ್ಷ ಕತ್ತೆ ಕಾದೆನಲ್ಲೇ!"

ನಗು ಅರ್ಧಕ್ಕೇ ನಿಂತಿತು. ಅವನ ಅಂಗೈ ತಾನಾಗಿ ಹೊಟ್ಟೆಯ ಪಟ್ಟಿಯ ಮೇಲೆ ಹೋಗಿ ಕೂತಿತು. ಹೆಂಡತಿಯನ್ನು ನೋಡಿದ. ಅವಳು ಮಡಿಚಿಟ್ಟಿದ್ದ ಹೊದಿಕೆಯನ್ನು ಬಿಡಿಸಿ ಮತ್ತೆ ಮಡಿಚತೊಡಗಿದ್ದಳು.

"ಡಾಕ್ಟರು ಬೆಳಿಗ್ಗೆ ಏನಂದರು? ಅವರು ಹೇಳಿದ ಹಾಗೇ ಹೇಳು."

"ಗಡ್ಡೆ ಅಂತ... ಈಗ ಎಲ್ಲೂ ಇಲ್ಲ ಅಂತ."

"ಆದ್ದರಿಂದ?"

ಮಗಳು ನೋಟ್‌ಬುಕ್ ಮುಚ್ಚಿದಳು. ಈ ಪುಟ ತೋರಿಸಿದ್ದು ತಾನೇ. ಇನ್ನು ಯಾವ ಬಾಯಲ್ಲಿ ಮುಚ್ಚಿಡುವುದು?

"ಎರಡನೇ ಮಾತು ಹೇಳು ಮಗಳೇ."

"ಬೇಡ ಕಣೇ" ಅಂದಳು ಅಮ್ಮ, ತೀರ ಸಣ್ಣ ದನಿಯಲ್ಲಿ.

ಮಗಳು ಹೇಳಿದಳು. ಹಿಟ್ಟಿನ ಮಾತು, ಕೊಯ್ಯಲು ಬಾರದ ಮಾತು. ಒಂದೊಂದಕ್ಕೂ ಅಪ್ಪ ಸಣ್ಣಗೆ ತಲೆಯಾಡಿಸುತ್ತ ಹೋದ, ಸಾಲು ಸಾಲಿಗೂ ಟಿಕ್ ಹಾಕುವವನ ಹಾಗೆ.