ಓಯಿಂಗಳ ನೀಲಿ ಮಣಿಗಳು

ಯಾತೆಮ್‌ಗೆ ಹೆತ್ತ ತಾಯಿಯ ಮುಖ ನೆನಪಿರಲಿಲ್ಲ. ನೆನಪಿದ್ದದ್ದು ಒಂದು ತಂಪು ಮಾತ್ರ. ಕೆನ್ನೆಗೆ ಒತ್ತಿದ ನೀಲಿ ಮಣಿಗಳ ತಂಪು, ಅವು ಒಂದಕ್ಕೊಂದು ಸೋಕುವ ಸಣ್ಣ ಸದ್ದು, ಯಾರದೋ ಹೆಗಲ ಮೇಲೆ ತೂಗಾಡುತ್ತ ಎಲ್ಲಿಗೋ ಹೋಗುತ್ತಿರುವ ಹಾಗೆ. ಕೆಳಗೆ, ತುಂಬ ಕೆಳಗೆ, ಸಿಯಾಂಗ್ ಹೊಳೆ ಹಸಿರಾಗಿ ಹರಿಯುತ್ತಿತ್ತು. ನಡೆದದ್ದೋ ಕನಸೋ ಅವಳಿಗೇ ಗೊತ್ತಿರಲಿಲ್ಲ. ಸೊಂಟಕ್ಕೆ ಮಗ್ಗದ ಪಟ್ಟಿ ಬಿಗಿದುಕೊಂಡು ನೇಯುತ್ತ ಕೂತಾಗ ಅದು ತಾನಾಗಿ ಬಂದು, ತಾನಾಗಿ ಹೋಗುತ್ತಿತ್ತು. ಆಗ ಅವಳ ಕೈ ನಿಂತುಬಿಡುತ್ತಿತ್ತು. ಪಕ್ಕದ ಮನೆಯವಳಾದ ನಾನು ನಮ್ಮ ಜಗಲಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಅವಳಿಗಿನ್ನೂ ಸರಿಯಾಗಿ ಮಾತು ಬಾರದಾಗ ತಾಯಿ ತೀರಿಕೊಂಡಿದ್ದಳು. ಅವಳ ಅಪ್ಪ ಕಾಲಿಂಗ್, ನಮ್ಮೂರ ಹುಡುಗಿ ಓಯಿಂಗಳನ್ನೇ ಮತ್ತೆ ಮದುವೆಯಾದ. ಓಯಿಂಗಳ ಎದೆಯ ಮೇಲೆ ಯಾವಾಗಲೂ ನೀಲಿ ತಾದೋಕ್ ಮಣಿಗಳ ಸರವಿರುತ್ತಿತ್ತು. ನಮ್ಮಲ್ಲಿ ತಾಯಿಯ ಮಣಿ ಮಗಳಿಗೆ. ಯಾತೆಮ್ ಆ ಸರ ನೋಡುತ್ತ ಬೆಳೆದಳು. ಚಿಕ್ಕಮ್ಮ ಒಲೆಯ ಮುಂದೆ ಬಗ್ಗಿದಾಗ ಮಣಿಗಳು ತೂಗಿ ಬೆಂಕಿಯ ಬೆಳಕಲ್ಲಿ ಹೊಳೆಯುತ್ತಿದ್ದವು. ನನ್ನಮ್ಮ ಅಲ್ಲಿದ್ದಾಳೆ, ಇವಳ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದಾಳೆ ಅಂದುಕೊಳ್ಳುತ್ತಿದ್ದಳು. ಬುದ್ಧಿ ಬಂದ ಮೇಲೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಓಯಿಂಗಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಹೊಳೆಯಾಚೆಯ ಊರಿನ ಹುಡುಗನ ಜೊತೆ ಮದುವೆ ಗೊತ್ತಾದ ವರ್ಷ, ಸೊಲುಂಗ್ ಹಬ್ಬದ ಬೆಳಗ್ಗೆ ಕೇಳಿಯೇಬಿಟ್ಟಳು. ಮನೆ ತುಂಬ ಅಕ್ಕಿಯ ಹೆಂಡ ಅಪೋಂಗ್‌ನ ಹುಳಿವಾಸನೆ. ಓಯಿಂಗ್ ಬಿದಿರಿನ ಜರಡಿಯಲ್ಲಿ ಅದನ್ನು ಸೋಸುತ್ತಿದ್ದಳು. ಅವಳ ಸ್ವಂತ ಮಗಳು ಯಾಮಿಕ್ ಶುಂಠಿ ಜಜ್ಜುತ್ತಿದ್ದಳು.

"ಚಿಕ್ಕಮ್ಮ, ಇವತ್ತು ಕುಣಿಯೋವಾಗ ನಮ್ಮಮ್ಮನ ಸರ ನಾನು ಹಾಕ್ಕೋತೀನಿ. ಆಮೇಲೂ ನನ್ನ ಹತ್ರಾನೇ ಇರ್ಲಿ."

ಯಾಮಿಕ್ ಕಲ್ಲು ಕೆಳಗಿಟ್ಟಳು. "ಯಾರಮ್ಮನ ಸರ? ನಿಂಗೆ ಹಬ್ಬ ಶುರುವಾಗೋ ಮುಂಚೆನೇ ಅಪೋಂಗ್ ಏರಿದೆಯಾ ಅಕ್ಕ?"

"ನೀನು ಶುಂಠಿ ನೋಡ್ಕೊ," ಎಂದಳು ಓಯಿಂಗ್ ಮಗಳಿಗೆ. ಕೈ ಒರೆಸಿಕೊಂಡಳು. ಸ್ವಲ್ಪ ಹೊತ್ತು ಯಾತೆಮ್‌ಳನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಸರ ಎತ್ತಿ ತೆಗೆದು ಅವಳ ಕೊರಳಿಗೆ ಹಾಕಿದಳು. ಜಡೆಯಡಿ ಸಿಕ್ಕಿದ ಎಳೆಯನ್ನು ಬಿಡಿಸಿ ಸರಿಮಾಡಿದಳು. "ಭಾರ ಇದೆ. ಕುಣಿಯೋವಾಗ ಬೆನ್ನು ನೆಟ್ಟಗಿಟ್ಕೊ," ಎಂದಷ್ಟೇ ಹೇಳಿ ಮತ್ತೆ ಜರಡಿ ಹಿಡಿದಳು.

ಮಣಿಗಳು ಬೆಚ್ಚಗಿದ್ದವು. ಇಷ್ಟು ವರ್ಷ ತಂಪೆಂದು ತಿಳಿದದ್ದು ಬೆಚ್ಚಗಿದೆಯಲ್ಲ ಎಂದು ಯಾತೆಮ್‌ಗೆ ಒಂದು ಗಳಿಗೆ ಹೇಗೋ ಆಯಿತು.

ಮಧ್ಯಾಹ್ನ ಮಳೆ ನಿಂತಿತ್ತು. ಬೆಟ್ಟದಿಂದ ಮಂಜು ಇಳಿದು ಅಂಗಳದ ಅಂಚಿನವರೆಗೆ ಬಂದಿತ್ತು. ನಾವು ಹೆಂಗಸರು ಕೈಕೈ ಹಿಡಿದು ಸುತ್ತುಗಟ್ಟಿದೆವು. ನಡುವೆ ನಿಂತ ಹಾಡುಗಾರ ಕತ್ತಿ ಅಲುಗಿಸುತ್ತ, ಬತ್ತ ಭೂಮಿಗೆ ಬಂದ ಕತೆ ಎತ್ತಿಕೊಂಡ. ಪೊನುಂಗ್ ಕುಣಿತಕ್ಕೆ ಅವಸರವಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ, ಒಂದು ತೂಗು, ಮತ್ತೊಂದು ಹೆಜ್ಜೆ. ಸ್ವಲ್ಪ ಹೊತ್ತಿಗೆ ಯಾರ ಕಾಲು ಯಾರದೆಂದು ತಿಳಿಯುವುದಿಲ್ಲ. ಎಲ್ಲರ ಎದೆಯ ಮಣಿಗಳು ಒಟ್ಟಿಗೆ ಸದ್ದು ಮಾಡುತ್ತವೆ, ನುಣ್ಣನೆ ಮರಳಿನ ಮೇಲೆ ನೀರು ಹಿಂದೆ ಸರಿದ ಹಾಗೆ. ನನ್ನ ಪಕ್ಕದಲ್ಲಿ ಯಾತೆಮ್ ಕಣ್ಣು ಮುಚ್ಚಿಕೊಂಡಿದ್ದಳು. ಆಗ ಮತ್ತೆ ಹೊಳೆಯ ಮೇಲೆ ಯಾರದೋ ಹೆಗಲಲ್ಲಿದ್ದೆ ಅಂತ ನನಗೆ ಆಮೇಲೆ ಹೇಳಿದಳು.

ಆ ವರ್ಷ ಮೇಲಿನ ಊರುಗಳಿಗೆ ಹೊಸದಾಗಿ ರಸ್ತೆಯಾಗಿತ್ತು. ಅವಳ ದೊಡ್ಡಮ್ಮ ಓನಮ್, ಹೆತ್ತ ತಾಯಿಯ ಅಕ್ಕ, ಮೊದಲ ಸಲ ಜೀಪಿನಲ್ಲಿ ನಮ್ಮೂರ ಹಬ್ಬಕ್ಕೆ ಬಂದಿದ್ದಳು. ಬೆನ್ನು ಬಾಗಿದ, ಬಾಯಿ ಜೋರಿನ ಮುದುಕಿ. ಕುಣಿತ ಮುಗಿದ ಮೇಲೆ ಯಾತೆಮ್‌ಳ ಗಲ್ಲ ಹಿಡಿದು ನೋಡಿದಳು.

"ಮೂಗು ನಿಮ್ಮಪ್ಪಂದೇ ಬಂತಲ್ಲೇ. ಹೋಗ್ಲಿ ಬಿಡು, ಏನು ಮಾಡಕ್ಕಾಗತ್ತೆ." ಆಮೇಲೆ ಸರದ ಮೇಲೆ ಬೆರಳಾಡಿಸಿದಳು. "ಚೆನ್ನಾಗಿದೆ. ಯಾರು ಕೊಟ್ರು?"

"ಅಮ್ಮಂದು ದೊಡ್ಡಮ್ಮ. ನಿಂಗೆ ಗೊತ್ತಾಗ್ಲಿಲ್ವಾ?"

"ನಿಮ್ಮಮ್ಮಂದಾ?" ಮುದುಕಿ ಕೈ ಹಿಂತೆಗೆದುಕೊಂಡಳು. "ನಿಮ್ಮಮ್ಮಂದು ಹಳದಿ ಮಣಿ ಕಣೆ. ಜ್ವರ ಬಂದು ತವರಲ್ಲೇ ಹೋದ್ಳಲ್ಲ, ಸರ ನಿಂಗೆ ಸೇರ್ಬೇಕಿತ್ತು, ಆದ್ರೂ ದುಃಖದಲ್ಲಿ ಅವಳ ಜೊತೆಗೇ ಮಣ್ಣಿಗಿಟ್ವಿ. ಅವಳ ಕುತ್ತಿಗೆ ಹಿಂದೆ ಗಂಟು ಹಾಕಿದ್ದು ನಾನೇ. ನೀಲಿ ಮಣಿ ನಮ್ಮ ಮನೇಲಿ ಯಾರಿಗೂ ಇರ್ಲಿಲ್ಲ."

ಯಾತೆಮ್ ತಿರುಗಿ ಮನೆಯ ಕಡೆ ನಡೆದಳು. ಮುದುಕಿ ನನ್ನ ತೋಳು ಹಿಡಿದುಕೊಂಡು, "ನಾನೇನು ತಪ್ಪಾಡ್ದೆ?" ಎನ್ನುತ್ತ ಹಿಂದೆ ಬಂದಳು.

ಓಯಿಂಗ್ ಕಂಬಗಳ ಮೇಲಿನ ಎತ್ತರದ ಜಗಲಿಯಲ್ಲಿ ಬರಿಗೊರಳಲ್ಲಿ ಕೂತಿದ್ದಳು. ಸರವಿಲ್ಲದೆ ಅವಳು ಯಾರೋ ಬೇರೆಯವಳ ಹಾಗೆ, ಚಿಕ್ಕವಳ ಹಾಗೆ ಕಂಡಳು.

"ಇದು ನಿಂದೇ ಅಂತ ಯಾಕೆ ಹೇಳ್ಲಿಲ್ಲ?" ಎಂದು ಯಾತೆಮ್ ಏಣಿಯ ಕೆಳಗೇ ನಿಂತು ಕೇಳಿದಳು.

"ನೀನು ಕೇಳಿದ್ದು ಸರ. ಕೊಟ್ಟೆ."

"ನಂಗೆ ನೆನಪಿದೆಯಲ್ಲ ಚಿಕ್ಕಮ್ಮ. ಹೊಳೆ ಮೇಲೆ. ಅಮ್ಮ ನನ್ನ ಎತ್ಕೊಂಡು..."

ಓಯಿಂಗ್ ತನ್ನ ಬರಿಗೊರಳು ಸವರಿಕೊಂಡಳು. "ನಿಮ್ಮಮ್ಮ ಹೋದ್ಮೇಲೆ ನಿಮ್ಮಪ್ಪ ಮೇಲಿನೂರಿಂದ ನಿನ್ನ ಕರ್ಕೊಂಡು ವಾಪಸ್ ಬಂದಾಗ ಬೆತ್ತದ ಸೇತುವೆ ಹತ್ರ ನಾನು ಸೌದೆ ಕಟ್ತಾ ಇದ್ದೆ. ಆಗ ನಾನು ಅವರಿಗೆ ಏನೂ ಆಗ್ಬೇಕಾಗಿರ್ಲಿಲ್ಲ. ನೀನು ಊರಿಗೆ ಕೇಳೋ ಹಾಗೆ ಅಳ್ತಿದ್ದೆ. ನಿಮ್ಮಪ್ಪಂಗೆ ನಿನ್ನ ಹಿಡ್ಕೊಂಡು ಸೇತುವೆ ಹತ್ತಕ್ಕೇ ಆಗ್ಲಿಲ್ಲ. ಕೊಡಿ ಇತ್ಲಾಗೆ ಅಂತ ನಾನೇ ಎತ್ಕೊಂಡು ದಾಟಿಸ್ದೆ. ಚಳಿಗಾಲ, ಮಣಿ ತಣ್ಣಗಿತ್ತು. ಕೆನ್ನೆ ಇಟ್ಕೊಂಡು ಸುಮ್ಮನಾದೆ. ಆಮೇಲೆ ಮಾತು ಕಲಿತಾಗ, ಅಮ್ಮನ ಮಣಿ ಅಮ್ಮನ ಮಣಿ ಅಂತಿದ್ದೆ. ಅಮ್ಮಂದೇ ಅಂದ್ಕೊಂಡಿರ್ಲಿ ಬಿಡು ಅನ್ಸ್ತು. ನಿಂಗೆ ಬೇರೇನಿತ್ತು ಅವಳದ್ದು?"

ಯಾತೆಮ್ ಏಣಿಯ ಮೆಟ್ಟಿಲಲ್ಲಿ ಕೂತು ಅತ್ತಳು. ಚಿಕ್ಕಮ್ಮನ ಮೇಲಿನ ಸಿಟ್ಟಿಗಲ್ಲ, ಅದು ಆ ಮಾತು ಕೇಳುತ್ತಲೇ ಕರಗಿಹೋಗಿತ್ತು. ಇದ್ದ ಒಂದೇ ನೆನಪಲ್ಲೂ ಹೆತ್ತವಳು ಇರಲಿಲ್ಲವಲ್ಲ ಎಂದು ಅತ್ತಳು. ಓಯಿಂಗ್ ಕೆಳಗಿಳಿದು ಬಂದು ಅವಳ ಪಕ್ಕ ಕೂತಳು. ಮುಟ್ಟಲಿಲ್ಲ. ಮಂಜು ಮನೆಯ ಕಂಬಗಳ ನಡುವೆ ನುಸುಳಿ ಇಬ್ಬರ ಕಾಲನ್ನೂ ಮುಚ್ಚಿತು.

ಕೊನೆಗೆ ಓನಮ್ ಮುದುಕಿಗೇ ತಡೆಯಲಾಗಲಿಲ್ಲ. "ಅಯ್ಯೋ, ಅಷ್ಟೊಂದು ಅತ್ಕೊಂಡು ನೆನೆಯೋ ಅಂಥವಳೇನಲ್ಲ ಕಣೆ ನಿಮ್ಮಮ್ಮ. ಕುಣಿಯಕ್ಕೆ ಬರ್ತಿರ್ಲಿಲ್ಲ, ಪಕ್ಕದವರ ಕಾಲು ತುಳೀತಿದ್ಳು. ಹಸಿ ಮೆಣಸಿನಕಾಯಿ ಕದ್ದು ತಿಂದು ನೀರು ನೀರು ಅಂತ ಓಡ್ತಿದ್ಳು. ಮಾತಾಡೋವಾಗ ನಗು ಬಂದು ಮಾತೇ ಮುಗೀತಿರ್ಲಿಲ್ಲ."

ಯಾತೆಮ್ ತಲೆಯೆತ್ತಿದಳು. "ಇನ್ನೇನ್ಮಾಡ್ತಿದ್ಳು?"

"ಒಳಗೆ ಕರೀರಿ ಮೊದ್ಲು, ಒಂದು ಲೋಟ ಅಪೋಂಗ್ ಕೊಡ್ರಿ. ಬಾಯಿ ಒಣಗಿದೆ."

ಹಬ್ಬ ಮುಗಿಯುವವರೆಗೂ ಮುದುಕಿ ಹೇಳಿದಳು, ಯಾತೆಮ್ ಕೇಳಿದಳು. ಓಯಿಂಗಳೂ ಕೆಲಸ ಬಿಟ್ಟು ಬಂದು ಕೂರುತ್ತಿದ್ದಳು. ತನ್ನ ಗಂಡನ ಮೊದಲ ಹೆಂಡತಿ ನಕ್ಕ ಕತೆಗೆ ಅವಳೂ ನಗುತ್ತಿದ್ದಳು. ಯಾಮಿಕ್ ಮಾತ್ರ ಸರದ ವಿಷಯ ಬಿಡಲಿಲ್ಲ. "ಕತೆ ಎಲ್ಲ ಸರಿ. ಮಣಿ ಯಾರಿಗೆ ಅದನ್ನ ಹೇಳಿ," ಎಂದು ದಿನಕ್ಕೊಂದು ಸಲ ಕೇಳಿದಳು. ಯಾತೆಮ್ ಸರ ತೆಗೆದು ಅವಳ ತೊಡೆಯ ಮೇಲಿಟ್ಟಾಗ ಕೆಂಪಾಗಿ, "ಈಗ್ಲೇ ಬೇಕು ಅಂದ್ನಾ ನಾನು," ಎಂದು ಗೊಣಗಿ ತಾಯಿಯ ಕಡೆ ತಳ್ಳಿದಳು. ಓಯಿಂಗ್ ಅದನ್ನು ಎತ್ತಿ ತನ್ನ ಕೊರಳಿಗೇ ಹಾಕಿಕೊಂಡಳು. "ನಾನಿನ್ನೂ ಸತ್ತಿಲ್ಲ," ಎಂದಳು.

ಮದುವೆಗೆ ಓನಮ್ ಮತ್ತೆ ಬಂದಾಗ ಯಾತೆಮ್‌ಗೆಂದು ಮೇಲಿನೂರಿನಿಂದ ಹಳದಿ ಮಣಿಗಳ ಒಂದೆಳೆ ತಂದಳು, ತನ್ನದೇ ಸರದಿಂದ ಬಿಚ್ಚಿದ್ದು. ಪೋಣಿಸಿ ಕಟ್ಟಿದವಳು ಓಯಿಂಗ್. ನಾನು ದಾರ ಹಿಡಿದುಕೊಂಡಿದ್ದೆ.