ಅತ್ತೆಯ ಕಾಲನ್ನು ಮಾತಾಡಿಸಲು ಬಂದವರು

ಕಡಲೆ ಸುಗ್ಗಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಯುವಾಗ ನನ್ನ ಗಂಡ ಕುಬೇರಪ್ಪ ತಾಯಿಗೆ ಕೈ ಚಾಚಿದ. ನಮ್ಮ ಅತ್ತೆ ಅನ್ನವ್ವ ಹಿಡಿಯಲಿಲ್ಲ. "ನಾ ಏನ್ ಮುದುಕಿ ಆಗೀನೇನು?" ಎಂದು ಅರವತ್ತೆಂಟನೇ ವಯಸ್ಸಿನಲ್ಲಿ ಜಿಗಿದಳು. ಬಲಪಾದ ಎರೆಹೊಲದ ಹೆಂಟೆಯ ಮೇಲೆ ಬಿದ್ದು ತಿರುಚಿತು, ಒಳಗೆ ಎರಡು ಎಲುಬು ಮುರಿದವು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಒಂದು ಉಕ್ಕಿನ ಪಟ್ಟಿ, ನಾಲ್ಕು ಸ್ಕ್ರೂ ಕೂಡಿಸಿದರು. ಆರು ವಾರ ಆ ಕಾಲನ್ನು ನೆಲಕ್ಕೆ ತಾಗಿಸಬಾರದೆಂದು ಹೇಳಿ ಡಾಕ್ಟರು ನಮ್ಮನ್ನು ಊರಿಗೆ, ಯರಗುಪ್ಪಿಗೆ ಕಳಿಸಿಕೊಟ್ಟರು.

ಅಲ್ಲಿಂದ ಮುಂದೆ ಶುರುವಾಯಿತು ನನ್ನ ಪಾಡು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಯಾರೂ ಒಬ್ಬರೇ ಬರುವುದಿಲ್ಲ, ಟಂಟಂ ಗಾಡಿ ತುಂಬಿಕೊಂಡು ಬರುತ್ತಾರೆ. ಬಂದವರು ಮೊದಲು ಕಾಲು ನೋಡುತ್ತಾರೆ. ಆಮೇಲೆ ತಮ್ಮ ಬೀಗರಲ್ಲಿ ಯಾರ ಕಾಲು ಮುರಿದಿತ್ತು, ಅದು ಹೇಗೆ ಕೊನೆಯವರೆಗೂ ನೆಟ್ಟಗಾಗಲಿಲ್ಲ ಎಂಬುದನ್ನು ಸಮಾಧಾನವಾಗಿ ವಿವರಿಸುತ್ತಾರೆ. ಅತ್ತೆ ಎಕ್ಸ್‌ರೇ ಕಿಟಕಿಗೆ ಹಿಡಿದು ತೋರಿಸುವ ಠೀವಿ ನೋಡಬೇಕಿತ್ತು. ಯಮನೂರಿನಿಂದ ಬಂದ ಒಬ್ಬ ಅಜ್ಜ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, "ಸ್ಕ್ರೂ ಚಲೋ ಬಿಗದಾರ ನೋಡ್ರಿ, ನಮ್ಮ ಪಂಪ್‌ಸೆಟ್ಟಿಗೂ ಇಂಥಾವ ಬೇಕಾಗಿದ್ದುವು" ಎಂದ. ಅಂಗನವಾಡಿಯಲ್ಲಿ ಇಡೀ ದಿನ ಮಕ್ಕಳನ್ನು ಸಂಭಾಳಿಸಿ ಬಂದ ನಾನು ಸಂಜೆಗೆ ಇಪ್ಪತ್ತು ಲೋಟ ಚಹಾ ಮಾಡುತ್ತಿದ್ದೆ. ಅವರು ತಂದ ಬ್ರೆಡ್ಡು ನಮ್ಮಿಂದ ಮುಗಿಯದೆ ಎಮ್ಮೆಗೆ ಹಾಕಿದೆವು. ಎಮ್ಮೆ ಈಗ ಹೊಟ್ಟು ಕಂಡರೆ ಮುಖ ತಿರುಗಿಸುತ್ತದೆ.

ಊರಿಗೆ ಊರೇ ಬಂದುಹೋಯಿತು. ಹದಿನೈದು ಮನೆ ಆಚೆ ಇರುವ ಮಲ್ಲಮ್ಮ ಮಾತ್ರ ಬರಲಿಲ್ಲ. ಆಕೆ ಅತ್ತೆಯ ಒಡಹುಟ್ಟಿದ ತಂಗಿ.

ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಒಂದು ಆಯೇರಿ ಸೀರೆ. ಮದುವೆಯಲ್ಲಿ ಕೊಡುವ ಇಂಥ ಸೀರೆಗಳನ್ನು ನಮ್ಮಲ್ಲಿ ಉಡುವವರು ಕಡಿಮೆ. ಅವು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಊರೂರು ಅಲೆಯುತ್ತವೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅತ್ತೆ ಎಂದೋ ಯಾರಿಗೋ ಕೊಟ್ಟಿದ್ದ ಹಸಿರು ಸೀರೆ ಹಾಗೇ ಅಲೆದಾಡಿ, ಮಲ್ಲಮ್ಮನ ಮಗಳ ಮದುವೆಯಲ್ಲಿ ತಿರುಗಿ ಅತ್ತೆಯ ಕೈಗೇ ಬಂತು. ಸೆರಗಿನ ಅರಿಶಿಣದ ಕಲೆಯಿಂದ ಗುರುತು ಹಿಡಿದ ಅತ್ತೆ ತುಂಬಿದ ಹಂದರದಲ್ಲಿ ತಂಗಿಯನ್ನು ಬಾಯಿಗೆ ಬಂದಂತೆ ಬೈದು ಸೀರೆ ಬಿಸಾಕಿ ಬಂದಳು. ಪಾಪ, ಮಲ್ಲಮ್ಮನಿಗೆ ಅದು ಯಾರ ಸೀರೆ ಎಂಬುದೇ ಗೊತ್ತಿರಲಿಲ್ಲ.

ಮಾತು ಬಿಟ್ಟವರು ಕರೆಯದೆ ಮದುವೆಗೆ ಬರುವುದಿಲ್ಲ, ಹಬ್ಬಕ್ಕೂ ಬರುವುದಿಲ್ಲ. ಆದರೆ ಕಾಯಿಲೆಗೆ ಯಾರೂ ಕರೆಯಬೇಕಿಲ್ಲ. ಹಾಗೆ ಬಂದವರನ್ನು ಸೋತು ಬಂದರು ಎಂದು ಊರಲ್ಲಿ ಯಾರೂ ಅನ್ನುವುದಿಲ್ಲ. ಅದಕ್ಕೇ ಅತ್ತೆ ಕಾಯುತ್ತಿದ್ದಳು. ಮಂಚವನ್ನು ಬಾಗಿಲು ಕಾಣುವಂತೆ ಪಡಸಾಲೆಗೆ ಹಾಕಿಸಿಕೊಂಡಿದ್ದಳು. ಯಾರ ಹೆಜ್ಜೆ ಸಪ್ಪಳವಾದರೂ ಕುತ್ತಿಗೆ ಉದ್ದ ಮಾಡುತ್ತಿದ್ದಳು. ತಂಗಿಯ ಹೆಸರನ್ನು ಮಾತ್ರ ಬಾಯಿ ತಪ್ಪಿಯೂ ಎತ್ತಲಿಲ್ಲ.

ಆರು ವಾರವಾದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಎಲುಬು ಕೂಡಿದೆ, ಇನ್ನು ದಿನಾ ನಡೆಯಿರಿ, ಮಲಗಿಯೇ ಇದ್ದರೆ ಪಾದ ಬಿಗಿದುಹೋಗುತ್ತದೆ ಎಂದರು ಡಾಕ್ಟರು. ಕುಬೇರಪ್ಪ ಖುಷಿಯಿಂದ ದಾರಿಯಲ್ಲಿ ಒಂದು ಕಿಲೋ ಫೇಡೆ ಕಟ್ಟಿಸಿಕೊಂಡ. ಅತ್ತೆಯ ಮುಖ ಮಾತ್ರ ಸಪ್ಪಗಾಯಿತು. ಮನೆಗೆ ಬಂದವಳೇ ಮಲಗಿಬಿಟ್ಟಳು. ಎಬ್ಬಿಸಲು ಹೋದರೆ "ಭಾಳ ಬ್ಯಾನಿ ಐತಿ" ಅನ್ನುವಳು. ಎಂಟು ದಿನ ಹೀಗೇ ಹೋಯಿತು. ಕೊಂಡು ತಂದ ವಾಕರಿನ ಮೇಲೆ ನಾನು ಟವೆಲ್ ಒಣಹಾಕತೊಡಗಿದೆ. ಕುಬೇರಪ್ಪನಿಗೆ ಊಟ ಸೇರದಾಯಿತು. ನನಗೂ ಹೆದರಿಕೆಯಾಯಿತು. ಈ ಮನೆಗೆ ಬಂದ ಹದಿನಾಲ್ಕು ವರ್ಷದಲ್ಲಿ ಈ ಹೆಂಗಸು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ಆಕೆಯೊಡನೆ ಎಷ್ಟೇ ಜಗಳಾಡಿರಲಿ, ಆಕೆ ಓಡಾಡದ ಮನೆ ನನಗೆ ಬೇಡವಾಗಿತ್ತು.

ಒಂಬತ್ತನೇ ದಿನ ನಮ್ಮ ಅಂಗನವಾಡಿ ಮೀಟಿಂಗು ರದ್ದಾಗಿ ಮಧ್ಯಾಹ್ನವೇ ಹಿತ್ತಲ ಬಾಗಿಲಿನಿಂದ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ ಓಡಾಡುತ್ತಿದ್ದಳು. ವಾಕರಿಲ್ಲ, ಗೋಡೆಯ ಆಸರೆಯೂ ಇಲ್ಲ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಶೇಂಗಾ ಹಿಂಡಿ ಚಟ್ನಿಯ ಡಬ್ಬಿ. ಸ್ವಲ್ಪ ಕುಂಟುತ್ತಿದ್ದಳು, ಅಷ್ಟೇ.

ನನ್ನ ಪಿತ್ತ ನೆತ್ತಿಗೇರಿತು. "ಇದೇನ್ರಿ ಅತ್ಯಾರ? ಅಲ್ಲಿ ನಿಮ್ಮ ಮಗ ಉಪವಾಸ ಕುಂತಾನ, ನೀವಿಲ್ಲಿ ರೊಟ್ಟಿ ಹಿಂಡಿ ತಿನ್ನಾಕತ್ತೀರಿ."

ಅತ್ತೆ ಅಲ್ಲೇ ಮಣೆಯ ಮೇಲೆ ಕುಳಿತಳು. ಬೈಯುತ್ತಾಳೆಂದುಕೊಂಡಿದ್ದೆ. ಆಕೆಯ ಕಣ್ಣು ತುಂಬಿ ಬಂದಿತ್ತು.

"ಮಲ್ಲಿ ಇನ್ನೂ ಬಂದಿಲ್ಲಲ್ಲವಾ, ಮಹಾನಂದಾ."

"ಅದಕ್ಕ?"

"ನಾ ಎದ್ದ ಓಣ್ಯಾಗ ಅಡ್ಯಾಡಾಕ ಚಾಲೂ ಮಾಡಿದ್ರ ಅಕಿ ಏನಂತ ಬರ್ಬೇಕು? ಕಾಲ್ ಮುರದಾಗ ಬರಾಕ ಬರ್ತೈತಿ. ಕಾಲ್ ಕೂಡಿದ ಮ್ಯಾಲ ಹೆಂಗ ಬಂದಾಳು?"

"ಹಂಗಾರ ನೀವ ಹೋಗ್ರಿ."

"ನಾ ಹಿರ್ಯಾಕಿ" ಎಂದು ಅತ್ತೆ ಮಾತು ಮುಗಿಸಿದಳು.

ನನಗೆ ಸಿಟ್ಟೂ ಬಂತು, ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ಪಾಪ ಅನಿಸಿತು. ಮರುದಿನ ಭಾನುವಾರ. ಮನೆಮನೆಗೆ ಬಳೆ ಮಾರುವ ಶಮೀಮಾಬಿ ನಮ್ಮ ಕಟ್ಟೆಗೆ ಬಂದಳು. ನಾನು ಪೂರ್ತಿ ಸುಳ್ಳೇನೂ ಹೇಳಲಿಲ್ಲ. "ಇನ್ನೂ ಮಂಚ ಬಿಟ್ಟಿಲ್ಲ ನೋಡವಾ. ಹಿಂಗ ಮಲಗಿದ್ರ ಕಾಲ್ ಹೋಗ್ತೈತಿ ಅಂದಾರ ಡಾಕ್ಟ್ರು" ಎಂದೆ. ಆಮೇಲೆ ಮೆಲ್ಲಗೆ, "ಮಲ್ಲಮ್ಮನ ಮನಿ ಕಡೆ ಹೊಂಟೀಯೇನು?" ಎಂದು ಕೇಳಿದೆ.

ಶಮೀಮಾಬಿ ನನ್ನ ಮುಖ ನೋಡಿದಳು, ಒಳಗಿನ ಮಂಚ ನೋಡಿದಳು. "ಹೋಗಾಕಿ ಇದ್ದಿದ್ದಿಲ್ಲ. ಈಗ ಹೋಗ್ತೀನಿ ಬಿಡು" ಎಂದು ಬುಟ್ಟಿ ಎತ್ತಿಕೊಂಡಳು.

ಆಕೆ ಅಲ್ಲಿ ಎಷ್ಟು ಉಪ್ಪುಖಾರ ಹಚ್ಚಿದಳೋ ದೇವರೇ ಬಲ್ಲ. ಅರ್ಧ ತಾಸೂ ಆಗಿರಲಿಲ್ಲ, ಓಣಿಯಲ್ಲಿ ಅಳುವ ದನಿ ಕೇಳಿತು. ಮಲ್ಲಮ್ಮ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿತ್ತು. "ಅಕ್ಕಾ, ನಿನ್ನ ಕಾಲ್ ತಗೀತಾರಂತಲ್ಲಬೇ" ಎಂದು ದೂರದಿಂದಲೇ ಕೂಗುತ್ತಿದ್ದಳು.

ಅತ್ತೆ ಆಗ ನಡುಮನೆಯಲ್ಲಿ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ಮಂಚ, ಮಂಚ ಎಂದು ನಾನು ಕೈಸನ್ನೆ ಮಾಡಿದೆ. ಆಕೆಗೆ ನಾನೆಲ್ಲಿ ಕಾಣಬೇಕು? ಬಾಚಣಿಕೆ ಕೈಬಿಟ್ಟು ಪಡಸಾಲೆ ದಾಟಿ, ಕಟ್ಟೆಯ ಮೆಟ್ಟಿಲಿಳಿದು, ಅಂಗಳದ ನಡುವೆ ಹೋಗಿ ತಂಗಿಯ ಎದುರಿಗೆ ನಿಂತಳು.

ಮಲ್ಲಮ್ಮನ ಅಳು ನಿಂತಿತು. ಅಕ್ಕನ ಮುಖ ನೋಡಿದಳು, ಆಮೇಲೆ ಬಲಗಾಲು ನೋಡಿದಳು.

"ನಡ್ಯಾಕತ್ತೀಯಲ್ಲ."

"ಹೂಂ" ಎಂದಳು ಅತ್ತೆ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಎಲ್ಲಾ ಕೆಟ್ಟಿತು ಎಂದುಕೊಂಡೆ. ತನಗೆ ಚೇಷ್ಟೆ ಮಾಡಿದರೆಂದು ಮಲ್ಲಮ್ಮ ಈಗ ತಿರುಗಿ ಹೋದರೆ ಮುಂದೆ ಈ ಜನ್ಮದಲ್ಲಿ ಈ ಕಡೆ ಕಾಲಿಡಲಾರಳು. ಆಕೆ ತಿರುಗಿಯೂ ತಿರುಗಿದಳು. ಆದರೆ ಆಕೆ ಓಣಿಯ ಆ ತುದಿ, ಈ ತುದಿ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಟ್ಟಿನ ಕೈಯಿಂದಲೇ ಅಕ್ಕನ ರಟ್ಟೆ ಹಿಡಿದಳು.

"ದಿನಾ ತಿರುವಿನತನಕ ಬರ್ತಿದ್ನಿ. ನಿಮ್ಮ ಕಟ್ಟಿ ಮ್ಯಾಲ ಮಂದಿ ಕಂಡ ಕೂಡ್ಲೇ ತಿರಗಿ ಹೋಗ್ತಿದ್ನಿ. ಹಂದರದಾಗ ಬೈದಂಗ ಮತ್ತ ಎಲ್ಲಾರ ಮುಂದ ಬೈದ್ರ ಏನ್ ಮಾಡ್ಲಿ ಅಂತ." ಮೂಗು ಒರೆಸಿಕೊಂಡು ದನಿ ತಗ್ಗಿಸಿದಳು. "ಈಗ ಮೊದಲ ಒಳಗ ನಡಿ, ಯಾರರ ನೋಡ್ಯಾರು. ನೀ ಹಿಂಗ ಎಲ್ಲಾರ ಕಣ್ಣಿಗೆ ಬಿದ್ರ ನಾ ನಾಳೆ ಏನಂತ ಬರ್ಲಿ? ನಡ್ಯೂದು ಹಿತ್ತಲದಾಗ ನಡಿ, ನಾ ಕೈ ಹಿಡೀತೀನಿ."

ಅತ್ತೆ ಸೀದಾ ಒಳಗೆ ಬಂದು ಮಂಚದ ಮೇಲೆ ಮಲಗಿದಳು. ಆಪರೇಶನ್ ಆದಾಗಿನಿಂದ ಆಕೆ ಯಾರ ಮಾತನ್ನೂ ಇಷ್ಟು ಚೆಂದ ಕೇಳಿದ್ದಿಲ್ಲ.